ಹೆಸರು ಹಿಮ್ಮೇಳದ್ದು

ರಾಕ್ ಸಂಗೀತದಲ್ಲಿ ತಂಡದ ಮುಖವೆಂದರೆ ಹಾಡುವವರು, ಇಲ್ಲವೇ ಮುಂದೆ ನಿಂತು ಗಿಟಾರ್ ನುಡಿಸುವವರು. ಅವರು ಹೋದರೆ ತಂಡ ಮುಗಿಯಿತೆಂದೇ ಎಲ್ಲರ ಲೆಕ್ಕ. ಫ್ಲೀಟ್‌ವುಡ್ ಮ್ಯಾಕ್ ತಂಡದ ಚರಿತ್ರೆ ಈ ಲೆಕ್ಕವನ್ನು ಬುಡಮೇಲು ಮಾಡುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಇದನ್ನು ಕಟ್ಟಿದ ಪೀಟರ್ ಗ್ರೀನ್ ಆಗಿನ ಬ್ರಿಟನ್ನಿನ ದೊಡ್ಡ ಬ್ಲೂಸ್ ಗಿಟಾರ್ ವಾದಕರಲ್ಲಿ ಒಬ್ಬರು. ತಂಡಕ್ಕೆ ಅವರು ಆರಿಸಿದ ಹೆಸರು ಮಾತ್ರ ಹಿಮ್ಮೇಳದ್ದು: ಡ್ರಮ್ಸ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ಗಿಟಾರಿನ ಜಾನ್ ಮೆಕ್‌ವೀ, ಈ ಇಬ್ಬರ ಹೆಸರಿನ ಜೋಡಣೆ. ಆ ಆಗಸ್ಟ್‌ನಲ್ಲಿ ವಿಂಡ್ಸರ್ ಉತ್ಸವದಲ್ಲಿ ತಂಡ ಮೊದಲ ಸಲ ವೇದಿಕೆ ಹತ್ತಿದಾಗ ಮೆಕ್‌ವೀ ಇನ್ನೂ ಸೇರಿಯೇ ಇರಲಿಲ್ಲ. ಹೆಸರು ಮೊದಲು ಬಂತು, ಆಸಾಮಿ ಆಮೇಲೆ ಬಂದರು. ಬಂದವರು ಮತ್ತೆ ಬಿಟ್ಟು ಹೋಗಲಿಲ್ಲ. ಈ ತಂಡ ಉಳಿದದ್ದು ಆ ಇಬ್ಬರಿಂದ ಎಂಬುದೇ ನನ್ನ ವಾದ.

ಹೋದವರ ಪಟ್ಟಿ ನೋಡಿದರೆ ಎದೆ ಭಾರವಾಗುತ್ತದೆ. 'ಆಲ್ಬಟ್ರಾಸ್' ಎಂಬ ವಾದ್ಯಕೃತಿಯಿಂದ ಬ್ರಿಟನ್ನಿನ ಮಾರಾಟದ ಪಟ್ಟಿಯ ತುದಿ ಮುಟ್ಟಿದ್ದ ಗ್ರೀನ್, ಮಾದಕವಸ್ತು ಮತ್ತು ಮಾನಸಿಕ ಯಾತನೆಯ ನಡುವೆ, ಗಳಿಸಿದ ಹಣವನ್ನೆಲ್ಲ ದಾನ ಮಾಡಬೇಕೆನ್ನುತ್ತ 1970ರಲ್ಲಿ ಹೊರನಡೆದರು. ಮರುವರ್ಷ ಅಮೆರಿಕ ಪ್ರವಾಸದಲ್ಲಿದ್ದಾಗ ಜೆರೆಮಿ ಸ್ಪೆನ್ಸರ್ ಪುಸ್ತಕದಂಗಡಿಗೆ ಹೋಗಿ ಬರುತ್ತೇನೆಂದು ಲಾಸ್ ಏಂಜಲೀಸಿನ ಹೋಟೆಲಿನಿಂದ ಹೊರಟವರು ಒಂದು ಧಾರ್ಮಿಕ ಪಂಥ ಸೇರಿಬಿಟ್ಟರು. 1972ರಲ್ಲಿ ಡ್ಯಾನಿ ಕರ್ವನ್ ಕಛೇರಿಗೆ ಮುಂಚೆ ಗಿಟಾರನ್ನು ಬಡಿದು ಪುಡಿಮಾಡಿ, ವೇದಿಕೆಗೆ ಬರಲೊಲ್ಲೆನೆಂದರು. ತಂಡ ಅವರನ್ನು ಕೈಬಿಟ್ಟಿತು. ಮೂವರೂ ಮುಮ್ಮೇಳದವರು. ಅವರ ಹಿಂದೆ ಡ್ರಮ್ಸ್ ಮತ್ತು ಬೇಸ್ ಮಾತ್ರ ಕದಲಲಿಲ್ಲ. 1970ರಲ್ಲೇ ಕೀಬೋರ್ಡಿಗೆ ಕೂತ ಕ್ರಿಸ್ಟೀನ್ ಮೆಕ್‌ವೀ, ಜಾನ್ ಅವರ ಪತ್ನಿ, ಹೊಸ ಹಾಡುಗಳನ್ನು ಬರೆಯುತ್ತ ಹೋದರು.

ಉಳಿದದ್ದು ಹೆಸರಿನ ವರ್ಚಸ್ಸು ಅಷ್ಟೇ, ಜನ ಕೊಂಡದ್ದು ಮೊಹರನ್ನು ಎಂದು ಆಕ್ಷೇಪಿಸಬಹುದು. ಇದನ್ನು ಒರೆಗೆ ಹಚ್ಚುವ ಪ್ರಸಂಗವೊಂದು ತಾನಾಗಿಯೇ ನಡೆಯಿತು. 1974ರಲ್ಲಿ ತಂಡದ ವ್ಯವಸ್ಥಾಪಕರು ಹೆಸರು ತನ್ನದೆಂದು ಹೇಳಿ, ತಂಡದಲ್ಲಿ ಎಂದೂ ಇರದ ವಾದಕರನ್ನು ಅದೇ ಹೆಸರಿನಲ್ಲಿ ಅಮೆರಿಕ ಪ್ರವಾಸಕ್ಕೆ ಕಳಿಸಿದರು. ಟಿಕೆಟ್ ಕೊಂಡು ಬಂದವರು ರೊಚ್ಚಿಗೆದ್ದರು, ಪ್ರವಾಸ ಅರ್ಧದಲ್ಲೇ ನಿಂತಿತು, ವ್ಯಾಜ್ಯ ಕೋರ್ಟು ಹತ್ತಿತು. ಹೆಸರೊಂದೇ ಸಾಕಾಗಿದ್ದರೆ ಆ ಪ್ರವಾಸ ಗೆಲ್ಲಬೇಕಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಈ ತಂಡಕ್ಕೆ ಜಗತ್ತಿನ ಕೀರ್ತಿ ತಂದವರು ಹಳಬರಲ್ಲ, 1975ರ ಹೊಸ ವರ್ಷದ ಹೊತ್ತಿಗೆ ಸೇರಿದ ಅಮೆರಿಕದ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಎನ್ನುತ್ತಾರೆ. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ ಜೋಡಿ 1973ರಲ್ಲಿ ತಮ್ಮದೇ ಆಲ್ಬಮ್ ತಂದಾಗ ಅದು ನೆಲಕಚ್ಚಿತು, ಕಂಪನಿ ಅವರನ್ನು ಕೈಬಿಟ್ಟಿತು, ನಿಕ್ಸ್ ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಬೇಕಾಯಿತು. ರೆಕಾರ್ಡಿಂಗ್‌ಗೆಂದು ಸ್ಟುಡಿಯೋ ಹುಡುಕುತ್ತಿದ್ದ ಫ್ಲೀಟ್‌ವುಡ್ ಅವರಿಗೆ, ಇಲ್ಲಿ ಧ್ವನಿ ಹೇಗೆ ಬರುತ್ತದೆಂದು ತೋರಿಸಲು ಒಬ್ಬ ಎಂಜಿನಿಯರ್ ಹಾಕಿ ಕೇಳಿಸಿದ್ದು ಆ ಸೋತ ಆಲ್ಬಮ್ಮಿನ ಹಾಡನ್ನೇ. ಅವರಿಗೆ ಬೇಕಿದ್ದದ್ದು ಗಿಟಾರ್ ವಾದಕ ಮಾತ್ರ. ನಿಕ್ಸ್ ಬಾರದೆ ತಾನು ಬರುವುದಿಲ್ಲ ಎಂದರು ಬಕಿಂಗ್‌ಹ್ಯಾಮ್. ಇಬ್ಬರೂ ಬಂದರು. ಅವರು ಬಂದ ಮೇಲಿನ ಮೊದಲ ಆಲ್ಬಮ್, ತಂಡ ಊರೂರು ಸುತ್ತಿದ ಮೇಲೆ, ಬಿಡುಗಡೆಯಾಗಿ ವರ್ಷ ಕಳೆದು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. 1977ರ 'ರೂಮರ್ಸ್' ಅದೇ ಸ್ಥಾನದಲ್ಲಿ 31 ವಾರ ಕೂತಿತು. ಈವರೆಗೆ 4 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದೆ. ಒಂಟಿಯಾಗಿ ಸೋತ ಜೋಡಿ ಇಲ್ಲಿ ಗೆದ್ದದ್ದಕ್ಕೆ ಕ್ರಿಸ್ಟೀನರ ಹಾಡುಗಾರಿಕೆಯೂ ಕಾರಣ, ಆ ಬಿಗಿಯಾದ ತಾಳವೂ ಕಾರಣ.

'ರೂಮರ್ಸ್' ತಯಾರಾಗುವಾಗ ಜಾನ್ ಮತ್ತು ಕ್ರಿಸ್ಟೀನರ ದಾಂಪತ್ಯ ಮುರಿದಿತ್ತು, ಬಕಿಂಗ್‌ಹ್ಯಾಮ್ ಮತ್ತು ನಿಕ್ಸ್ ಬೇರೆಯಾಗುತ್ತಿದ್ದರು, ಫ್ಲೀಟ್‌ವುಡ್ ಅವರ ಸಂಸಾರವೂ ಒಡೆಯುತ್ತಿತ್ತು. 'ದಿ ಚೈನ್' ಹಾಡನ್ನು ಕೇಳಿ. ಬೇರೆಬೇರೆ ತುಣುಕುಗಳನ್ನು ಟೇಪ್ ಕತ್ತರಿಸಿ ಅಂಟಿಸಿ ಮಾಡಿದ್ದು ಅದು; ಆ ಆಲ್ಬಮ್ಮಿನಲ್ಲಿ ಐವರ ಹೆಸರನ್ನೂ ಹೊತ್ತ ಏಕೈಕ ಹಾಡು. ಮಧ್ಯೆ ದನಿಗಳೆಲ್ಲ ಅಡಗಿ, ಮೆಕ್‌ವೀ ಅವರ ಬೇಸ್ ಸಣ್ಣದೊಂದು ಸ್ವರಪಂಕ್ತಿಯನ್ನು ಹಿಡಿದು ಬರುತ್ತದೆ. ಆಮೇಲೆ ಉಳಿದವರೆಲ್ಲ ಅದರ ಮೇಲೇರಿ ಬರುತ್ತಾರೆ.

ನನ್ನ ವಾದಕ್ಕೆ ನಿಜವಾದ ಪೆಟ್ಟು ಕೊಡುವುದು 1995ರ 'ಟೈಮ್'. ಬಕಿಂಗ್‌ಹ್ಯಾಮ್ 1987ರಲ್ಲೇ ಹೋಗಿದ್ದರು, ನಿಕ್ಸ್ ಕೂಡ ಬಿಟ್ಟಿದ್ದರು. ಫ್ಲೀಟ್‌ವುಡ್, ಜಾನ್, ಕ್ರಿಸ್ಟೀನ್ ಇದ್ದರೂ ಆ ಆಲ್ಬಮ್ ಅಮೆರಿಕದ ಮೊದಲ 200ರ ಪಟ್ಟಿಗೂ ಏರಲಿಲ್ಲ. ಒಪ್ಪಲೇಬೇಕು: ಹಿಮ್ಮೇಳ ಒಂದೇ ಗೆಲುವನ್ನು ಹುಟ್ಟಿಸಲಾರದು. ಆದರೆ ಹಾಡುವವರು ಮರಳಿ ಬರಬೇಕೆಂದರೆ ಬರಲೊಂದು ಮನೆ ಇರಬೇಕಲ್ಲ. ಸೋಲಿನ ವರ್ಷಗಳಲ್ಲೂ ಆ ಮನೆಯ ದೀಪ ಆರದಂತೆ ಕಾದವರು ಹಿಮ್ಮೇಳದ ಆ ಇಬ್ಬರು. ಎರಡೇ ವರ್ಷದಲ್ಲಿ ಐವರೂ ಕೂಡಿದರು. 1997ರ 'ದಿ ಡ್ಯಾನ್ಸ್' ಎಂಬ ಆ ಕಛೇರಿಯ ಆಲ್ಬಮ್ ನೇರವಾಗಿ ಒಂದನೇ ಸ್ಥಾನದಲ್ಲೇ ಪಟ್ಟಿ ಸೇರಿತು. ಅದರ ಮೊದಲ ಹಾಡು 'ದಿ ಚೈನ್'. ಬಾಯಿ ತೆರೆಯುವ ಮುಂಚೆಯೇ ಕೇಳಿಸುವುದು ಫ್ಲೀಟ್‌ವುಡ್ ಕಾಲಿನಿಂದ ಒತ್ತುವ ದೊಡ್ಡ ಡ್ರಮ್ಮಿನ ಒಂದೇ ಸಮನೆಯ ಪೆಟ್ಟು.