ಹಲಗಲಿಗೆ ಲಾವಣಿಯುಂಟು, ಕಂಬಾಲಪಲ್ಲಿಗೆ?

ಮುಧೋಳದ ಬಳಿಯ ಹಲಗಲಿ ದೊಡ್ಡ ಊರೇನಲ್ಲ. 1857ರಲ್ಲಿ ಜನರು ತಮ್ಮಲ್ಲಿರುವ ಆಯುಧಗಳನ್ನೆಲ್ಲ ತಂದೊಪ್ಪಿಸಬೇಕೆಂದು ಕಂಪನಿ ಸರ್ಕಾರ ಹುಕುಂ ಹೊರಡಿಸಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆ ವರ್ಷ ದೇಶದಲ್ಲಿ ಹೀಗೆ ಉರಿದುಹೋದ ಊರುಗಳು ಎಷ್ಟೋ. ಅವುಗಳಲ್ಲಿ ಬಹಳಷ್ಟರ ಹೆಸರು ಸರ್ಕಾರಿ ದಫ್ತರಗಳಾಚೆ ಉಳಿದಿಲ್ಲ. ಹಲಗಲಿ ಉಳಿದಿದೆ. ಕಾರಣ, ಅದರ ಮೇಲೆ ಒಂದು ಲಾವಣಿ ಹುಟ್ಟಿಕೊಂಡಿತು.

ಆ ಲಾವಣಿಯನ್ನು ಜನರ ಬಾಯಿಂದ ಬರೆಸಿಕೊಂಡು ಅಚ್ಚು ಹಾಕಿಸಿದವನು ಇಂಗ್ಲಿಷ್ ಅಧಿಕಾರಿಯೇ ಎಂಬುದು ಚರಿತ್ರೆಯ ಒಂದು ತಮಾಷೆ. ಶಾಸನತಜ್ಞ ಜಾನ್ ಫೇಯ್ತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಹಲಗಲಿಯ ಜೊತೆ ಸಂಗೊಳ್ಳಿ ರಾಯಣ್ಣನ ಹಾಡೂ ಅದರಲ್ಲಿದೆ. ಅಷ್ಟೇ ಅಲ್ಲ, ಸರ್ಕಾರ ಆದಾಯ ತೆರಿಗೆ ಹೇರಿದ್ದರ ಮೇಲೂ ಒಂದು ಲಾವಣಿ ಇದೆ! ಜಾತ್ರೆಯಲ್ಲಿ ದಪ್ಪು ಬಡಿದು ಹಾಡಿದ ಈ ಹಾಡುಗಳೇ ಆ ಕಾಲದ ಜನಪ್ರಿಯ ಸಂಗೀತ. ಜನ ಕಾಸು ಹಾಕಿ ಕೇಳುತ್ತಿದ್ದ ಹಾಡು ಬೇರೆ, ಪ್ರತಿಭಟನೆಯ ಹಾಡು ಬೇರೆ ಎಂಬ ಭೇದ ಆಗ ಇರಲಿಲ್ಲ.

ಈಗ ರೇಡಿಯೋ ಹಾಕಿ ನೋಡಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಆಟೋದಲ್ಲಿ ದಿನವಿಡೀ ಹಾಡು ಕೇಳುತ್ತಲೇ ಇರುತ್ತದೆ. ಪ್ರೀತಿ ಇದೆ, ಪ್ರೀತಿ ಮುರಿದ ನೋವಿದೆ, ತಾಯಿ ಇದ್ದಾಳೆ, ಕುಡಿತದ ಮೋಜು ಇದೆ, ನಾಯಕನ ಪ್ರತಾಪವಂತೂ ಇದ್ದೇ ಇದೆ. ಆದರೆ ಹೊಲ ಕಳೆದುಕೊಂಡವನ, ಕೂಲಿ ಸಿಗದವಳ, ಮ್ಯಾನ್‌ಹೋಲಿಗೆ ಇಳಿದು ಮೇಲೆ ಬಾರದವನ ಹಾಡಿಗಾಗಿ ಎಷ್ಟು ಹೊತ್ತು ಕಾಯಬೇಕಾದೀತು?

ಕವಿ ಇದ್ದರು, ಹಾಡೂ ಇತ್ತು

ಬರೆಯುವವರೇ ಇರಲಿಲ್ಲ ಎನ್ನುವಂತಿಲ್ಲ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದದ್ದು ದೊಡ್ಡ ಗಲಭೆಗೆ ಕಾರಣವಾಗಿ ಅವರ ಪದವಿಯನ್ನೇ ಕಳೆಯಿತು. ಆ ಬಿಸಿಯಲ್ಲಿ ಎದ್ದುನಿಂತ ಯುವಕರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ದಲಿಂಗಯ್ಯ ಒಬ್ಬರು. 1975ರಲ್ಲಿ ಅವರ ‘ಹೊಲೆಮಾದಿಗರ ಹಾಡು’ ಹೊರಬಂತು. ಹೆಸರಿಗೆ ಕವನ ಸಂಕಲನ. ಆದರೆ ಅದರ ಕವಿತೆಗಳು ಪುಸ್ತಕದಲ್ಲಿ ಕೂರಲಿಲ್ಲ. ಎಪ್ಪತ್ತರ ದಶಕದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿಯ ಸಭೆ, ಮೆರವಣಿಗೆಗಳಲ್ಲಿ ತಮಟೆಯ ಜೊತೆ ಊರೂರು ಸುತ್ತಿದವು. ಓದು ಬಾರದವರಿಗೂ ಅವು ಬಾಯಿಪಾಠವಾದವು.

1975ರಲ್ಲೇ ಹುಟ್ಟಿದ ‘ಸಮುದಾಯ’ ತಂಡ 1979ರಲ್ಲಿ ರಾಜ್ಯದ ಉದ್ದಗಲ ಜಾಥಾ ನಡೆಸಿ, ಬೀದಿ ನಾಟಕಗಳ ಜೊತೆ ಹಾಡುಗಳನ್ನೂ ಹಳ್ಳಿಗಳಿಗೆ ಒಯ್ದಿತು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಬೀದಿಗಿಳಿದಾಗ ಗೋಲೀಬಾರೇ ನಡೆಯಿತು. ರೈತ ಸಂಘ ಬೆಳೆಯಿತು. ಹಸಿರು ಶಾಲಿನವರ ಸಭೆಗಳಿಗೂ ಹಾಡು ಬೇಕಾಯಿತು. ಹೀಗೆ ಹತ್ತು ಹನ್ನೆರಡು ವರ್ಷ ಕರ್ನಾಟಕದಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ, ಯಾವ ಆಕಾಶವಾಣಿಯ ನೆರವೂ ಇಲ್ಲದೆ ಹೋರಾಟದ ಹಾಡು ಬಾಯಿಂದ ಬಾಯಿಗೆ ಹಬ್ಬಿತು.

ಅದೇ ಹೊತ್ತಿಗೆ ಮನೆಮನೆಗೂ ಟೇಪ್‌ರೆಕಾರ್ಡರ್ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದು, ಕನ್ನಡ ಕವಿತೆ ಅಂಗಡಿಯಲ್ಲೂ ಮಾರಾಟವಾಗಬಲ್ಲದು ಎಂದು ತೋರಿಸಿತು. ಅದರ ಹಿಂದೆಯೇ ಭಾವಗೀತೆಗಳ ಹೊಳೆ ಹರಿಯಿತು. ಅಲ್ಲಿ ಮಲ್ಲಿಗೆ ಇತ್ತು, ಮಳೆ ಇತ್ತು, ತವರು ಇತ್ತು, ನಾಡು ಇತ್ತು. ತಮಟೆಯ ಹಾಡಿಗೆ ಮಾತ್ರ ಆ ಅಂಗಡಿಯಲ್ಲಿ ದೊಡ್ಡ ಜಾಗ ಸಿಗಲಿಲ್ಲ.

ಪ್ರೇಮಕ್ಕೆ ಬಾಗಿಲು, ಸಿಟ್ಟಿಗೆ ಬೀಗ

ಚಿತ್ರರಂಗಕ್ಕೆ ಸಿದ್ದಲಿಂಗಯ್ಯ ಅಪರಿಚಿತರೇನಲ್ಲ. ಪುಟ್ಟಣ್ಣ ಕಣಗಾಲರು 1983ರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಅವರ ಹಾಡು ಬಳಸಿದರು. ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ಹತ್ತು ವರ್ಷದ ನಂತರ ‘ಬಾ ನಲ್ಲೆ ಮಧುಚಂದ್ರಕೆ’ ಚಿತ್ರದಲ್ಲಿ ಹಂಸಲೇಖರ ಸಂಗೀತದೊಂದಿಗೆ ಬಂದ ಅವರ ಬೆಳದಿಂಗಳ ಹಾಡು ಇವತ್ತಿಗೂ ಕೇಳಿಬರುತ್ತದೆ. ಗಮನಿಸಬೇಕಾದ್ದು ಇಷ್ಟೆ: ಎರಡೂ ಪ್ರೇಮದ ಹಾಡುಗಳು. ಚೆಲುವಾದ ಹಾಡುಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಇಡೀ ನಾಡು ಮೆರವಣಿಗೆಗಳಲ್ಲಿ ಕೇಳಿದ ಅವರ ಸಿಟ್ಟಿನ ಹಾಡಿಗೆ ಚಿತ್ರಮಂದಿರದಲ್ಲಿ ಅಂಥ ಸ್ವಾಗತ ಸಿಗಲಿಲ್ಲ. ಒಬ್ಬನೇ ಕವಿ, ಎರಡು ದನಿ. ಮಾರುಕಟ್ಟೆ ಒಂದನ್ನು ಒಳಗೆ ಕರೆಯಿತು, ಇನ್ನೊಂದನ್ನು ಜಗಲಿಯಲ್ಲೇ ನಿಲ್ಲಿಸಿತು.

ಇದಕ್ಕೆ ಯಾರೋ ಒಬ್ಬ ನಿರ್ಮಾಪಕನನ್ನು ದೂರಿ ಪ್ರಯೋಜನವಿಲ್ಲ. ಸಿನಿಮಾ ಹಾಡು ತಯಾರಾಗುವ ಬಗೆಯೇ ಹಾಗೆ. ಸಾಮಾನ್ಯವಾಗಿ ಮೊದಲು ಕತೆಯ ಸನ್ನಿವೇಶ, ಆಮೇಲೆ ಟ್ಯೂನು, ಅದರ ಅಳತೆಗೆ ಮಾತು. ಕತೆಯಲ್ಲಿ ಅನ್ಯಾಯ ಇರುತ್ತದೆ, ಇಲ್ಲವೆಂದಲ್ಲ. ಆದರೆ ಅದನ್ನು ಸರಿಪಡಿಸುವವನು ನಾಯಕ. ಜನ ಒಟ್ಟಾಗಿ ದನಿ ಎತ್ತುವ ಮೊದಲೇ ಅವನು ಬಂದು ಖಳನನ್ನು ಬಡಿಯುತ್ತಾನೆ. ಹಾಡು ಅವನ ಬಾಯಿಗೆ ಹೋಗುತ್ತದೆ. ಹೋರಾಟದ ಹಾಡಿನಲ್ಲಿದ್ದ ‘ನಾವು’ ಹೀಗೆ ಸಿನಿಮಾದಲ್ಲಿ ‘ನಾನು’ ಆಗುತ್ತದೆ. ಅಲ್ಲಿಗೆ ಅದು ಪ್ರತಿಭಟನೆಯಾಗಿ ಉಳಿಯದೆ ಪರಾಕು ಆಗುತ್ತದೆ.

ಸರ್ಕಾರದ ಭಯವೂ ಸಣ್ಣದಲ್ಲ. ಹಿಂದಿ ಚಿತ್ರರಂಗದ ಅನುಭವ ಎಲ್ಲರಿಗೂ ಪಾಠ. 1943ರ ‘ಕಿಸ್ಮತ್’ ಚಿತ್ರದಲ್ಲಿ ಕವಿ ಪ್ರದೀಪ್ ಪರಕೀಯರನ್ನು ದೂರ ಸರಿಯಿರಿ ಎನ್ನುವ ಹಾಡು ಬರೆದರು. ಜರ್ಮನಿ, ಜಪಾನಿನ ಹೆಸರು ಸೇರಿಸಿದ್ದರಿಂದ ಸೆನ್ಸಾರಿನವರು ಬಿಟ್ಟರು, ಚಿತ್ರಮಂದಿರದ ಜನ ಮಾತ್ರ ಸರಿಯಾಗಿಯೇ ಅರ್ಥ ಮಾಡಿಕೊಂಡರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೆಹರೂ ಅವರನ್ನು ಟೀಕಿಸಿ ಕವಿತೆ ಓದಿದ ಮಜರೂಹ್ ಸುಲ್ತಾನ್‌ಪುರಿ ಜೈಲು ಕಂಡರು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಸರ್ಕಾರದ ಪ್ರಚಾರಕ್ಕೆ ಹಾಡಲೊಪ್ಪದ ಕಿಶೋರ್ ಕುಮಾರರ ಹಾಡುಗಳನ್ನೇ ಆಕಾಶವಾಣಿ ನಿಲ್ಲಿಸಿತು. ಅವರು ಪ್ರತಿಭಟನೆಯ ಹಾಡು ಹಾಡಿರಲಿಲ್ಲ, ಹೊಗಳಿಕೆಯ ಹಾಡು ಹಾಡಲಿಲ್ಲ ಅಷ್ಟೆ! ಹಾಡಿನ ಮೇಲೆ ಹಣ ಹೂಡಿದವರಿಗೆ ಇಷ್ಟು ಸಾಕಲ್ಲವೇ?

ಕೋರಸ್ ಚದುರಿದಾಗ

ಆದರೂ ಸೆನ್ಸಾರು, ಮಾರುಕಟ್ಟೆ ಎಂದು ಹೇಳಿ ಕೈ ತೊಳೆದುಕೊಂಡರೆ ಮಾತು ಅರ್ಧವೇ ಆಯಿತು. ಅದೇ ಸೆನ್ಸಾರು ನೆರೆಯ ತೆಲುಗಿನಲ್ಲೂ ಇತ್ತು. ಅಲ್ಲಿ ಆರ್. ನಾರಾಯಣಮೂರ್ತಿಯವರ ‘ಎರ್ರ’ ಚಿತ್ರಗಳು ಚೆನ್ನಾಗಿಯೇ ಓಡಿದವು. ಜನನಾಟ್ಯ ಮಂಡಳಿಯ ಗದ್ದರ್ ಬರೆದ ಹಾಡುಗಳು 1995ರ ‘ಒರೇಯ್ ರಿಕ್ಷಾ’ ಚಿತ್ರದ ಮೂಲಕ ಬೀದಿ ಬೀದಿಗಳಲ್ಲಿ ಕೇಳಿಬಂದವು. ಚಿತ್ರರಂಗ ಧೈರ್ಯ ಮಾಡಿ ಜನರನ್ನು ಹುಡುಕಿಕೊಂಡು ಹೋಗಿದ್ದಲ್ಲ. ಹಾಡಿನ ಹಿಂದೆ ಜನ ಆಗಲೇ ನಿಂತಿದ್ದರು, ಚಿತ್ರರಂಗ ಅವರ ಹಿಂದೆ ಬಂತು.

ಕನ್ನಡದಲ್ಲೂ ಇದಕ್ಕೆ ಒಂದು ಸಾಕ್ಷಿ ಇದೆ. 1982ರ ಗೋಕಾಕ್ ಚಳವಳಿಗೆ ಡಾ. ರಾಜಕುಮಾರ್ ಇಳಿದರು. ಲಕ್ಷಾಂತರ ಜನ ಸೇರಿದರು. ಆ ನಂತರದ ವರ್ಷಗಳಲ್ಲಿ ನಾಡುನುಡಿಯ ಹಾಡು ಸಿನಿಮಾದ ಖಾಯಂ ಸರಕಾಯಿತು. 1993ರ ‘ಆಕಸ್ಮಿಕ’ದ ಹಾಡಿಲ್ಲದೆ ಇಂದಿಗೂ ರಾಜ್ಯೋತ್ಸವ ನಡೆಯುವುದು ಅಪರೂಪ. ಜನ ಗಟ್ಟಿಯಾಗಿ ಕೇಳಿದ್ದನ್ನು ಚಿತ್ರರಂಗ ಕೊಟ್ಟೇ ಕೊಡುತ್ತದೆ ಎಂದಾಯಿತು. ಭೂಮಿಗಾಗಿ, ಕೂಲಿಗಾಗಿ, ಮಾನಕ್ಕಾಗಿ ಅಷ್ಟೇ ಗಟ್ಟಿಯಾಗಿ ಕೇಳುವವರು ಏನಾದರು?

ಅವರು ಚದುರಿದರು. ದಲಿತ ಸಂಘರ್ಷ ಸಮಿತಿ ಒಡೆದು ಹಲವು ಬಣಗಳಾದವು. ರೈತ ಸಂಘವೂ ಒಡೆಯಿತು. ಭಾವಗೀತೆಯನ್ನು ಒಬ್ಬರೇ ಕೂತು ಕೇಳಬಹುದು, ಪ್ರೇಮಗೀತೆಯನ್ನಂತೂ ಒಬ್ಬರೇ ಕೇಳಿದರೆ ಚೆಂದ. ಹೋರಾಟದ ಹಾಡಿನ ಜಾಯಮಾನ ಬೇರೆ. ಒಬ್ಬ ಎತ್ತಿಕೊಟ್ಟ ಸಾಲನ್ನು ನೂರು ಮಂದಿ ತಿರುಗಿ ಹೇಳಿದರೆ ಮಾತ್ರ ಅದಕ್ಕೆ ಜೀವ. ಕೋರಸ್ ಇಲ್ಲದೆ ಅದನ್ನು ಕೇಳುವುದೆಂದರೆ ದೇವರಿಲ್ಲದ ತೇರು ಎಳೆದಂತೆ. ಸಭೆ ಚಿಕ್ಕದಾದಂತೆ ಹಾಡೂ ಚಿಕ್ಕದಾಯಿತು. ಈಗ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ತಮ್ಮ ಪಾಡಿಗೆ ಹಾಡು ಕೇಳುವ ಕಾಲದಲ್ಲಿ ಅದು ಇನ್ನಷ್ಟು ಒಂಟಿಯಾಗಿದೆ.

ಹೊಸ ದಾರಿ

ಹಾಗೆಂದು ದಾರಿಗಳು ಪೂರ್ತಿ ಮುಚ್ಚಿಲ್ಲ. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಒಂದು ಜನಪ್ರಿಯ ಅಮೆರಿಕನ್ ಹಾಡಿನ ಧಾಟಿಯಲ್ಲಿ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ವಿಷದ ಬಗ್ಗೆ ಹಾಡಿದರು. ಅಂತರ್ಜಾಲದಲ್ಲಿ ಅದನ್ನು ಲಕ್ಷಾಂತರ ಜನ ನೋಡಿದರು. ಮರುವರ್ಷ ಕಂಪನಿ 591 ಮಂದಿ ಮಾಜಿ ಕಾರ್ಮಿಕರೊಂದಿಗೆ ಪರಿಹಾರದ ಒಪ್ಪಂದಕ್ಕೆ ಬಂತು. ಹಾಡೊಂದೇ ಇದನ್ನು ಸಾಧಿಸಿತು ಎನ್ನಲಾಗದು. 2001ರಲ್ಲಿ ಕಾರ್ಖಾನೆ ಮುಚ್ಚಿದ ದಿನದಿಂದ ಕಾರ್ಮಿಕರು ಪಟ್ಟು ಬಿಡದೆ ಹೋರಾಡಿದ್ದರು. ಹಾಡು ಅವರ ದನಿಯನ್ನು ದೂರಕ್ಕೆ ಮುಟ್ಟಿಸಿತು.

2018ರ ಜನವರಿಯಲ್ಲಿ ಚೆನ್ನೈನಲ್ಲೇ ನಿರ್ದೇಶಕ ಪಾ. ರಂಜಿತ್ ಅವರ ಆಸರೆಯಲ್ಲಿ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ ಗಾನಾ ಮತ್ತು ರ‍್ಯಾಪ್ ಬೆರೆಸಿ ಜಾತಿಯ ವಿರುದ್ಧ ಹಾಡಿತು. ಆ ತಂಡದ ಅರಿವು 2021ರಲ್ಲಿ ಗಾಯಕಿ ಧೀ ಜೊತೆ ಹಾಡಿದ ‘ಎಂಜಾಯ್ ಎಂಜಾಮಿ’ ಕೋಟಿಗಟ್ಟಲೆ ಕೇಳುಗರನ್ನು ಕಂಡಿತು. ಅದರೊಳಗೆ ಇರುವುದು ಸಿಂಹಳದ ಚಹಾ ತೋಟದಲ್ಲಿ ದುಡಿದು, ತುಂಡು ಭೂಮಿಯೂ ಇಲ್ಲದೆ ಹಿಂದಿರುಗಿದ ಅಜ್ಜಿಯ ಕತೆ. ಕುಣಿಯುವವರು ಕುಣಿದರು, ಕತೆಯೂ ಕಿವಿಗೆ ಬಿತ್ತು. ಜನಪ್ರಿಯವಾಗುವುದಕ್ಕೂ ಪ್ರತಿಭಟಿಸುವುದಕ್ಕೂ ಜಗಳವೇನಿಲ್ಲ ಎಂದು ಫ್ಲೀಟನ ಲಾವಣಿಕಾರರಿಗೆ ಗೊತ್ತಿದ್ದದ್ದು ಅರಿವುಗೂ ಗೊತ್ತಿತ್ತು.

ಹಾಡಿಲ್ಲದಿದ್ದರೆ ನಷ್ಟವೇನು ಎಂದು ಕೇಳುವವರು ಹಲಗಲಿಯ ಜೊತೆ ಇನ್ನೊಂದು ಊರನ್ನು ಇಟ್ಟು ನೋಡಬೇಕು. 2000ದ ಮಾರ್ಚಿಯಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಆರೋಪಿಗಳನ್ನು 2006ರಲ್ಲಿ ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಒಂದೂವರೆ ಶತಮಾನದ ಹಿಂದಿನ ಹಲಗಲಿಯನ್ನು ಶಾಲೆಯ ಮಕ್ಕಳು ಇಂದಿಗೂ ಪಠ್ಯದಲ್ಲಿ ಓದುತ್ತಾರೆ. ನಮ್ಮ ಕಣ್ಣೆದುರಿನ ಕಂಬಾಲಪಲ್ಲಿಯನ್ನು ನಾಡೆಲ್ಲ ನೆನೆಯುವಂತೆ ಮಾಡುವ ಹಾಡು ಯಾವುದು? ಕೋರ್ಟಿನ ಕಡತ ಮುಚ್ಚಿದ ಮೇಲೆ ಹೆಸರು ಉಳಿಯುವುದು ಜನರ ಬಾಯಲ್ಲಿ. ಬಾಯಲ್ಲಿ ಉಳಿಯಬೇಕಾದರೆ ಅದಕ್ಕೊಂದು ಧಾಟಿ ಬೇಕು.

ಸಿದ್ದಲಿಂಗಯ್ಯ 2021ರ ಜೂನ್ 11ರಂದು ಕೋವಿಡ್‌ನಿಂದ ತೀರಿಕೊಂಡರು. ಜನ ಸೇರುವುದಕ್ಕೇ ನಿರ್ಬಂಧವಿದ್ದ ದಿನಗಳು ಅವು. ಸಾವಿರಾರು ಜನ ಒಟ್ಟಿಗೆ ಹಾಡಲೆಂದು ಬರೆದ ಕವಿಯನ್ನು ಆ ಸಾವಿರಾರು ಜನರಿಲ್ಲದೆಯೇ ಕಳಿಸಿಕೊಡಬೇಕಾಯಿತು. ನಿರ್ಬಂಧ ತೆರವಾಗಿ ವರ್ಷಗಳೇ ಆದವು. ಹಾಡುಗಳು ಪುಸ್ತಕದಲ್ಲಿವೆ, ತಮಟೆಗಳು ಗೋಡೆಯ ಮೇಲಿವೆ. ಎತ್ತಿಕೊಡುವ ಒಂದು ದನಿ, ತಿರುಗಿ ಹೇಳುವ ನೂರು ದನಿ ಸೇರಿದರೆ ಸಾಕು.