ಕಾರಿನ ಹೊಟ್ಟೆ ನೋಡಿದವರು ಯಾರು?

ಅಕ್ಕ ಇರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಹೋದ ವರ್ಷ ಒಂದು ದಿನ ಫೋನಿನಲ್ಲಿ ಅಳುವುದೊಂದು ಬಾಕಿ. 'ಕಾರು ಫೇಲಾಯ್ತು ಮಾರಾಯ' ಎಂದಳು. ಒಂದು ಟಯರಿನ ಒಳಮೈ ಸವೆದು ತಂತಿ ಕಾಣುತ್ತಿತ್ತಂತೆ. 'ಅಪಾಯಕಾರಿ' ಎಂದು ಚೀಟಿ ಬರೆದು ಕೊಟ್ಟರು. ಹಾಗೆ ಬರೆದ ಮೇಲೆ ರಿಪೇರಿಯಾಗುವ ತನಕ ಆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ನಾನು ನಕ್ಕೆ. 'ನಮ್ಮಲ್ಲಿ ಹೀಗೆ ಮಾಡಿದರೆ ಅರ್ಧ ಮುಂಬಯಿ ನಡೆದೇ ಹೋಗಬೇಕಾದೀತು' ಎಂದೆ.

ಅವಳು ನಗಲಿಲ್ಲ. 'ನಿನ್ನ ಕಾರಿನ ಹೊಟ್ಟೆಯನ್ನು ಕೊನೆಗೆ ನೋಡಿದವರು ಯಾರು?' ಎಂದು ಕೇಳಿದಳು.

ಉತ್ತರ ಹೊಳೆಯಲಿಲ್ಲ. ಕಾರು 2010ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಕೊಂಡದ್ದು, ಮೊದಲ ಕೆಲಸದ ಸಂಬಳದ ಕಂತಿನಲ್ಲಿ. ನಾನು ಬೈಕುಲ್ಲಾಕ್ಕೆ ಬಂದಾಗ ಅದೂ ಹಿಂದೆಯೇ ಬಂತು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕಾರು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಮುಂಬಯಿಯ ಕನ್ನಡಿಗರಿಗೆ ಈ ಪುರಾಣ ಹೊಸತಲ್ಲ: ಊರಿನಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಮತ್ತೆ ತೆರಿಗೆ, ಅಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿಕೆಗಾಗಿ ಅರ್ಜಿ. ನಾನೂ ಎರಡು ವರ್ಷ ಮುಂದೂಡಿ, ಕೊನೆಗೆ ಮಾಡಿಸಿದೆ. ಅಂದು ಕಾರನ್ನು ನೋಡಿದ್ದು ಹೇಗೆ ಗೊತ್ತೇ? ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಂಡರು. ಕಾರು ಯಾವುದು ಎಂಬುದು ಖಾತ್ರಿಯಾಯಿತು. ಹೇಗಿದೆ ಎಂಬುದು ಆ ದಿನದ ಪ್ರಶ್ನೆಯೇ ಆಗಿರಲಿಲ್ಲ.

ಇದರಲ್ಲಿ ಅಧಿಕಾರಿಗಳ ತಪ್ಪೇನೂ ಇಲ್ಲ. ನಮ್ಮ ಕಾನೂನು ಇರುವುದೇ ಹಾಗೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಊರ್ಜಿತ. ಆ ಅವಧಿಯಲ್ಲಿ ಅದರ ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ನು ಯಾರೂ ಕಡ್ಡಾಯವಾಗಿ ಪರೀಕ್ಷಿಸುವುದಿಲ್ಲ. ಮಾಲಿನ್ಯ ಪ್ರಮಾಣಪತ್ರ ಇದೆಯಲ್ಲ ಎನ್ನಬಹುದು. ಪೆಟ್ರೋಲ್ ಪಂಪಿನ ಮೂಲೆಯ ಹುಡುಗ ಹೊಗೆ ಕೊಳವೆಯೊಳಗೆ ಕಡ್ಡಿ ತೂರಿಸಿ, ನಂಬರ್ ಪ್ಲೇಟಿನ ಫೋಟೋ ತೆಗೆದು ಚೀಟಿ ಕೊಡುತ್ತಾನೆ. ಅದು ಹೊಗೆಯ ಲೆಕ್ಕ ಮಾತ್ರ. ಬ್ರೇಕೇ ಇಲ್ಲದ ಕಾರೂ ಅದರಲ್ಲಿ ಪಾಸಾಗುತ್ತದೆ.

ಬೈಕುಲ್ಲಾ ಸ್ಟೇಷನ್ನಿನ ಹೊರಗೆ ನಿಲ್ಲುವ ಕಪ್ಪು-ಹಳದಿ ಟ್ಯಾಕ್ಸಿಗಳ ಕತೆಯೇ ಬೇರೆ. ಬಾಡಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್ನೆಸ್ ಪತ್ರ ಬೇಕು. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಷ್ಯವೂ ಇಪ್ಪತ್ತೇ ವರ್ಷ. ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷ ತುಂಬಿದ ಮರುದಿನದಿಂದ ಈ ನಗರದಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಆ ಡಕೋಟಾ ಗಾಡಿಗಳನ್ನು ನೋಡಿ ಮೂಗು ಮುರಿಯುತ್ತಿದ್ದವ ನಾನು. ಲೆಕ್ಕ ಹಾಕಿದರೆ ಅವುಗಳನ್ನು ನನ್ನ ಕಾರಿಗಿಂತ ಎಷ್ಟೋ ಹೆಚ್ಚು ಸಲ ಪರೀಕ್ಷಿಸಿರುತ್ತಾರೆ.

ಅಕ್ಕನ ಊರಿನ ಪದ್ಧತಿಗೆ ಎಂ.ಒ.ಟಿ. ಪರೀಕ್ಷೆ ಎಂದು ಹೆಸರು. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ ಇತ್ತು. 1967ರ ಹೊತ್ತಿಗೆ ಮೂರು ವರ್ಷದ ಕಾರಿಗೂ ಬಂತು. ಮೂರು ತುಂಬಿದ ಮೇಲೆ ಪ್ರತಿವರ್ಷ. ನಡೆಸುವುದು ಸರ್ಕಾರದ ಅನುಮತಿ ಪಡೆದ ಸಾಮಾನ್ಯ ಗ್ಯಾರೇಜುಗಳು, ಶುಲ್ಕಕ್ಕೆ ಮೇಲ್ಮಿತಿ 54.85 ಪೌಂಡು. ನನಗೆ ಹಿಡಿಸಿದ್ದು ಇನ್ನೊಂದು: ಯಾವ ಕಾರಿನ ನಂಬರು ಹಾಕಿದರೂ ಅದು ಯಾವ ವರ್ಷ ಯಾಕೆ ಫೇಲಾಯಿತು, ಆಗ ಎಷ್ಟು ಮೈಲಿ ಓಡಿತ್ತು ಎಂಬುದೆಲ್ಲ ಸರ್ಕಾರದ ಜಾಲತಾಣದಲ್ಲಿ ಸಿಗುತ್ತದೆ. ಹಳೆ ಕಾರು ಕೊಳ್ಳುವವನಿಗೆ ಬೇರೆ ಜಾತಕ ಬೇಡ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಜರ್ಮನಿಯಲ್ಲೂ ಹಾಗೆಯೇ. ಅಷ್ಟು ದೂರ ಯಾಕೆ, ನಮ್ಮ ಕರಾವಳಿಯ ಅರ್ಧ ಜನ ದುಡಿಯುವ ದುಬೈಯಲ್ಲಿ ಮೂರು ವರ್ಷ ದಾಟಿದ ಕಾರು ಪ್ರತಿವರ್ಷ ಪರೀಕ್ಷೆಯಲ್ಲಿ ಪಾಸಾಗದೆ ನೋಂದಣಿ ನವೀಕರಣವಿಲ್ಲ. ಅಲ್ಲಿ ತುಟಿಪಿಟಕ್ಕೆನ್ನದೆ ಸಾಲಿನಲ್ಲಿ ನಿಲ್ಲುವ ನಮ್ಮವರು ಊರಿಗೆ ಬಂದಾಗ ಹತ್ತು ವರ್ಷದಿಂದ ಶೆಡ್ಡಿನಲ್ಲಿದ್ದ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಿ ಕೊಲ್ಲೂರಿಗೆ ಹೊರಡುತ್ತಾರೆ.

ಈ ವರ್ಷ ಹದಿನೈದು ತುಂಬುವುದಿತ್ತು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಅರವತ್ತು ದಿನ ಮೊದಲಿನಿಂದ ಹಾಕಬಹುದು. 2022ರ ಏಪ್ರಿಲ್ ಒಂದರಿಂದ ಕಾರಿನ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ತಡಮಾಡಿದರೆ ತಿಂಗಳಿಗೆ 500 ದಂಡ. ಪರಿಸರ ತೆರಿಗೆ ಬೇರೆ. ಏಜೆಂಟನೊಬ್ಬ 'ಗಾಡಿ ತರುವುದೇ ಬೇಡ ಸರ್, ಎಲ್ಲ ನಾನು ನೋಡಿಕೊಳ್ಳುತ್ತೇನೆ' ಎಂದ. ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಅರ್ಧ ಗಂಟೆಯಲ್ಲಿ ಅವಳ ಎಂ.ಒ.ಟಿ. ಚೀಟಿಯ ಫೋಟೋ ಬಂತು, ಕೆಳಗೆ 'ಇದರಲ್ಲಿರುವುದನ್ನೆಲ್ಲ ಒಮ್ಮೆ ನೋಡಿಸು, ಆಮೇಲೆ ಏಜೆಂಟನ ಹತ್ತಿರವಾದರೂ ಹೋಗು' ಎಂದು.

ನಮ್ಮ ಗಲ್ಲಿಯ ಹಿಂದಿನ ಗ್ಯಾರೇಜಿಗೆ ಹೋದೆ. ಐದಾರು ವರ್ಷದಿಂದ ನನ್ನದು ಮನೆಬಾಗಿಲ ಸರ್ವಿಸು. ಹುಡುಗರು ಬಂದು ಪಾರ್ಕಿಂಗಿನಲ್ಲೇ ಆಯಿಲ್ ಬದಲಾಯಿಸಿ, ಒರೆಸಿ ಹೋಗುತ್ತಿದ್ದರು. ಕಾರನ್ನು ಮೇಲೆತ್ತಿದವರೇ ಇಲ್ಲ. ಮಿಸ್ತ್ರಿ ರ‍್ಯಾಂಪಿಗೆ ಏರಿಸಿ ಟಾರ್ಚ್ ಬಿಟ್ಟ. ಟಯರು ನೋಡಿದ, ಚಕ್ರ ಹಿಡಿದು ಅಲ್ಲಾಡಿಸಿದ, ಹಿಂದಕ್ಕೆ ಹೋದವನು ಅಲ್ಲೇ ನಿಂತ. ನನ್ನನ್ನು ಕರೆದು, ಹಿಂಚಕ್ರಕ್ಕೆ ಹೋಗುವ ಬ್ರೇಕ್ ಪೈಪಿನ ಮೇಲೆ ಬೆರಳು ಎಳೆದು ತೋರಿಸಿದ. ತುಕ್ಕಿನ ಹುಡಿಯ ಜೊತೆ ಎಣ್ಣೆಯ ಪಸೆ. ಇಲ್ಲಿನ ಉಪ್ಪುಗಾಳಿ, ಪ್ರತಿ ಮಳೆಗಾಲ ರಸ್ತೆಯಲ್ಲಿ ನಿಲ್ಲುವ ನೀರು, ಎರಡೂ ಸೇರಿ ಕಬ್ಬಿಣದ ಆ ಸಣ್ಣ ಕೊಳವೆಯನ್ನು ತಿಂದಿದ್ದವು. 'ನಿಧಾನ ಒತ್ತಿದರೆ ತಡೆಯುತ್ತೆ ಸಾಬ್. ಜೋರಾಗಿ ಒತ್ತುವ ದಿನ ಒಡೆಯುತ್ತೆ' ಎಂದ.

ಜೋರಾಗಿ ಒತ್ತಬೇಕಾದ ದಿನ ತಾನೇ ಬ್ರೇಕು ಬೇಕಾಗುವುದು!

ಅದಕ್ಕೆ ಹದಿನೆಂಟು ದಿನ ಮೊದಲು ಚೌತಿಗೆಂದು ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಕುಂದಾಪುರಕ್ಕೆ ಹೋಗಿ ಬಂದಿದ್ದೆ. ಮಳೆಯಲ್ಲಿ, ಚಿಪ್ಳೂಣದ ಹತ್ತಿರದ ಪರಶುರಾಮ ಘಾಟಿ ಇಳಿಯುವಾಗ ಮುಂದೆ ಲಾರಿ, ಹಿಂದೆ ಬಸ್ಸು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವಾಗ ಆ ತಿರುವುಗಳೆಲ್ಲ ಒಂದೊಂದಾಗಿ ನೆನಪಾದವು. ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಪರೀಕ್ಷೆಯಿಲ್ಲದೆ ಮುಂದೆ ಬಿಡದವ ನಾನು. ಹೆಂಡತಿಗೆ ಆ ದಿನ ಹೇಳಲಿಲ್ಲ. ಈ ಲೇಖನ ಓದಿಯೇ ಅವಳಿಗೆ ಪೂರ್ತಿ ಗೊತ್ತಾಗುವುದು.

ಪೈಪು, ಮುಂದಿನ ಎರಡು ಹೋಸು, ಎರಡು ಟಯರು, ಒಂದು ಬಾಲ್ ಜಾಯಿಂಟು ಹೊಸತಾದವು. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 3215 ಎಂದಿತ್ತು, ಅಂದರೆ ಹತ್ತು ವರ್ಷದ ರಬ್ಬರು. ಒಟ್ಟು ಖರ್ಚು ನವೀಕರಣದ ಶುಲ್ಕದ ನಾಲ್ಕು ಪಟ್ಟಾಯಿತು.

ಆಮೇಲೆ ಕಾರನ್ನು ನಾನೇ ಕಚೇರಿಗೆ ಒಯ್ದೆ. ಇನ್‌ಸ್ಪೆಕ್ಟರು ದೀಪ, ಹಾರ್ನು, ವೈಪರು, ಟಯರು ನೋಡಿ, ಸ್ವಲ್ಪ ದೂರ ಓಡಿಸಿ ಬ್ರೇಕ್ ಹಾಕಲು ಹೇಳಿದರು. ಕಾರು ನಿಂತಿತು. ಪಾಸು. ಆದರೆ ಹಳೆಯ ಪೈಪಿನಲ್ಲಿ ಹೋಗಿದ್ದರೂ ಅಷ್ಟು ಮೆಲ್ಲನೆಯ ಓಟದಲ್ಲಿ ನಿಲ್ಲುತ್ತಿತ್ತು ಎಂಬ ಅನುಮಾನ ನನಗೆ. ಇನ್ನು ಐದು ವರ್ಷ ಯಾರೂ ಕೇಳುವುದಿಲ್ಲ. ಅದಾದ ಮೇಲೆ, ಇಪ್ಪತ್ತು ದಾಟಿದ ಕಾರಿಗೆ ಶುಲ್ಕ 10,000 ಎಂದು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಆದೇಶಿಸಿದೆ. ಶುಲ್ಕ ಏರಿಸಿದರೆ ಜನ ಹಳೆ ಕಾರು ಬಿಟ್ಟಾರು ಎಂಬ ಲೆಕ್ಕಾಚಾರ. ಮೂರನೇ ವರ್ಷದಿಂದ ರ‍್ಯಾಂಪಿಗೆ ಏರಿಸಿ ನೋಡುವ ಲೆಕ್ಕಾಚಾರ ಯಾವಾಗ ಬರುತ್ತದೋ.

ಅಕ್ಕನ ಚೀಟಿಯನ್ನು ಕನ್ನಡಕ್ಕಿಳಿಸಿ ನಮ್ಮ ಕಟ್ಟಡದ ಕನ್ನಡಿಗರ ಗುಂಪಿಗೆ ಹಾಕಿದೆ. ಮೂರನೇ ಮಹಡಿಯ ಧಾರವಾಡದವರು ಭಾನುವಾರ ಕೆಳಗಿಳಿದು ಬಂದು ತಮ್ಮ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟಯರು ಉಜ್ಜಿ ನೋಡುತ್ತಿದ್ದರು. 'ಇಲ್ಲೆ 0914 ಅಂತ ಐತ್ರಿ, ಹಂಗಂದ್ರ ಏನ್ರಿ?' ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮ ಮಿಸ್ತ್ರಿ ಇವತ್ತು ಇರ್ತಾನೇನ್ರಿ?' ಎಂದರು.