ಕಾಲೇಜಿನಲ್ಲಿ ಯಾವ ವಿಷಯ? ತೋಟದವರ ಮನೆಗಳಿಗೆ ಕೆಲವು ಮಾತು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಹಟ್ಟಿಗೊಬ್ಬರ, ಮಳೆಗಾಲದ ಜ್ವರ ಇಂಥ ವಿಷಯಗಳನ್ನು ಬರೆಯುತ್ತೇವೆ. ಈ ಬಾರಿ ಮಕ್ಕಳ ಓದಿನ ಬಗ್ಗೆ ಬರೆಯುತ್ತಿದ್ದೇವೆ. ಇದಕ್ಕೂ ಕೃಷಿ, ಆರೋಗ್ಯಗಳಿಗೂ ಸಂಬಂಧವಿದೆ. ಪ್ಲಸ್ ಟು ಫಲಿತಾಂಶ ಬಂದ ಮೇಲೆ ಒಂದೆರಡು ವಾರಗಳಲ್ಲಿ ಅವಸರದಿಂದ ತೆಗೆದುಕೊಂಡ ನಿರ್ಧಾರದಿಂದ ತೋಟದ ಮೇಲೆ ಸಾಲ ಬಿದ್ದದ್ದುಂಟು, ಮಕ್ಕಳ ಮನಸ್ಸಿನ ನೆಮ್ಮದಿ ಕೆಟ್ಟದ್ದೂ ಉಂಟು.

ನಮ್ಮಲ್ಲಿ ನಿರ್ಧಾರ ಹೇಗೆ ಆಗುತ್ತದೆ? ಆಚೆ ಮನೆಯ ಹುಡುಗಿ ನರ್ಸಿಂಗ್ ಮಾಡಿ ವಿದೇಶಕ್ಕೆ ಹೋದಳು, ಆದ್ದರಿಂದ ನಮ್ಮವಳೂ ನರ್ಸಿಂಗ್. ಚಿಕ್ಕಪ್ಪನ ಮಗ ಇಂಜಿನಿಯರ್, ಆದ್ದರಿಂದ ನಮ್ಮವನೂ ಇಂಜಿನಿಯರ್. ಮಗುವನ್ನು ಕೇಳುವುದು ಎಲ್ಲ ಮುಗಿದ ಮೇಲೆ. ನೆರೆಯವರು ನೆಟ್ಟರೆಂದು ಮಾತ್ರ ಯಾವ ಬುದ್ಧಿವಂತ ಕೃಷಿಕನೂ ಹೊಸ ಬೆಳೆ ಹಾಕುವುದಿಲ್ಲ. ತನ್ನ ಮಣ್ಣು, ನೀರು, ಕೈಯಲ್ಲಿರುವ ಹಣ, ಫಲ ಬರುವವರೆಗಿನ ವರ್ಷ, ಇವನ್ನೆಲ್ಲ ಲೆಕ್ಕ ಹಾಕುತ್ತಾನೆ. ಅದೇ ವಿಚಾರಣೆ ಮಕ್ಕಳ ವಿಷಯದಲ್ಲೂ ಬೇಕು ಎಂಬುದೇ ನಮ್ಮ ಮಾತು.

ಎತ್ತರದ ಸಸಿಯೇ ಒಳ್ಳೆಯ ಸಸಿಯಲ್ಲ

ಅಡಿಕೆ ಸಸಿ ಆರಿಸುವುದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಅಂದರೆ ನಾವು ಸಿ.ಪಿ.ಸಿ.ಆರ್.ಐ. ಎನ್ನುವವರು, ಒಂದು ಲೆಕ್ಕ ಹೇಳಿಕೊಡುತ್ತಾರೆ. ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು ಅದರಿಂದ ಕಳೆಯಬೇಕು. ಉತ್ತರ ಹೆಚ್ಚು ಬಂದ ಸಸಿ ಉತ್ತಮ. 4 ಎಲೆಯಿದ್ದು 120 ಸೆಂ.ಮೀ. ಎತ್ತರದ ಸಸಿಗೆ ಬರುವುದು 40. 5 ಎಲೆಯಿದ್ದು 90 ಸೆಂ.ಮೀ. ಎತ್ತರದ ಸಸಿಗೆ 110. ನೋಡಿದರೆ ಮೊದಲನೆಯದೇ ಚೆನ್ನಾಗಿ ಬೆಳೆದಂತೆ ಕಾಣುತ್ತದೆ. ನೆಡಬೇಕಾದದ್ದು ಮಾತ್ರ ಎರಡನೆಯದನ್ನು.

ಮಕ್ಕಳ ಅಂಕಗಳು ಈ ಎತ್ತರದ ಹಾಗೆ. ದೂರದಿಂದ ಕಾಣುವುದು ಅದೊಂದೇ. ಎಲೆಗಳನ್ನು ಎಣಿಸಬೇಕಾದವರು ತಂದೆತಾಯಿ. ಯಾವ ಪಾಠವನ್ನು ಹೇಳಿಸಿಕೊಳ್ಳದೆ ಓದುತ್ತಾನೆ? ಮನೆಯಲ್ಲಿ ಅಜ್ಜಿ ಮಲಗಿದ್ದಾಗ ಬೇಸರಪಡದೆ ಉಪಚಾರ ಮಾಡಿದವಳು ಯಾರು? ರಕ್ತ ಕಂಡರೆ ತಲೆ ತಿರುಗುವುದೆ? ಪಂಪು ಕೆಟ್ಟರೆ ಬಿಚ್ಚಿ ನೋಡುವವನು ಯಾರು? ಸೊಸೈಟಿಯ ಲೆಕ್ಕವನ್ನು ತಪ್ಪಿಲ್ಲದೆ ಬರೆದಿಡುವವಳು ಯಾರು? ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದವರಿಗೆ ಇದು ಗೊತ್ತಿರುತ್ತದೆ, ಕೇಳಿಕೊಳ್ಳುವ ವ್ಯವಧಾನ ಮಾತ್ರ ಬೇಕು.

ಹತ್ತನೆಯ ತರಗತಿಯಲ್ಲೇ ಯೋಚಿಸಿ

ಪ್ಲಸ್ ಒನ್‌ನಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ತೆಗೆದುಕೊಳ್ಳದವರಿಗೆ ವೈದ್ಯಕೀಯ, ಪಶುವೈದ್ಯ, ಬಿ.ಎಸ್ಸಿ. ನರ್ಸಿಂಗ್ ಇವುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ವಿಜ್ಞಾನ ಓದಿದವರು ಆಮೇಲೆ ವಾಣಿಜ್ಯಕ್ಕೋ ಕಲಾ ವಿಭಾಗಕ್ಕೋ ಹೋಗಬಹುದು. ಹಾಗೆಂದು ಎಲ್ಲರನ್ನೂ ವಿಜ್ಞಾನಕ್ಕೆ ದಬ್ಬುವುದೂ ಸರಿಯಲ್ಲ. ಗಣಿತವೆಂದರೆ ಹೆದರುವ ಮಗುವಿಗೆ ಆ ಎರಡು ವರ್ಷ ಶಿಕ್ಷೆಯಾಗುತ್ತದೆ.

ಮೇಜರ್ ಎಂದರೇನು?

ಗಡಿಯ ಆಚೆ ಈಚೆ ಪದವಿ ಓದಿನ ಕ್ರಮ ಈಗ ಬೇರೆ ಬೇರೆಯಾಗಿರುವುದರಿಂದ ಹಲವರಿಗೆ ಗೊಂದಲವಾಗಿದೆ. ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ನಮ್ಮ ಕಾಸರಗೋಡಿನ ಕಾಲೇಜುಗಳಲ್ಲೂ ಹೀಗೆಯೇ. ಮುಖ್ಯವಾಗಿ ಓದುವ ವಿಷಯ ಮೇಜರ್, ಜೊತೆಗೆ ಓದುವವು ಮೈನರ್. ಮೂರು ವರ್ಷ ಮುಗಿಸಿ ಸಾಮಾನ್ಯ ಪದವಿ ಪಡೆದು ಹೊರಬರಬಹುದು. ನಾಲ್ಕನೆಯ ವರ್ಷವನ್ನೂ ಓದಿದವರಿಗೆ ಆನರ್ಸ್ ಪದವಿ. ಕರ್ನಾಟಕದಲ್ಲಿ 2021ರಲ್ಲಿ ತಂದ ನಾಲ್ಕು ವರ್ಷದ ಕ್ರಮವನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಯನ್ನೇ ಮಾಡಿದ್ದಾರೆ.

ಕೇರಳದ ಕ್ರಮದಲ್ಲಿ ಒಂದು ಅನುಕೂಲವಿದೆ. ಮೊದಲ ವರ್ಷ ಮುಗಿದಾಗ, ಆ ವರ್ಷ ಜೊತೆಗೆ ಓದಿದ ಇನ್ನೊಂದು ವಿಷಯವನ್ನು ಸೀಟಿದ್ದರೆ ಮೇಜರ್ ಆಗಿ ಮಾಡಿಕೊಳ್ಳಬಹುದು. ಆದುದರಿಂದ ಮೈನರ್ ವಿಷಯಗಳನ್ನು ಕಣ್ಣುಮುಚ್ಚಿ ಆರಿಸಬೇಡಿ. ವಾಣಿಜ್ಯ ಓದುವವರು ಇನ್ನೊಂದನ್ನು ಗಮನಿಸಲಿ. ಇಲ್ಲಿನ ಸಹಕಾರಿ ಬ್ಯಾಂಕುಗಳಲ್ಲಿ ಗುಮಾಸ್ತರ ಕೆಲಸಕ್ಕೆ ಸಹಕಾರ ವಿಷಯದ ಓದು ಬೇಕಾಗುತ್ತದೆ. ಸಹಕಾರ ವಿಷಯವಿರುವ ಬಿ.ಕಾಂ. ಅಥವಾ ಜೆ.ಡಿ.ಸಿ. ತರಬೇತಿ ಇದ್ದರೆ ಊರಲ್ಲೇ ದಾರಿಯಾಗುವ ಅವಕಾಶವುಂಟು.

ಕೃಷಿ ಓದಿದರೆ ಹಾರೆ ಹಿಡಿಯಬೇಕೆ?

ಕೃಷಿಯನ್ನು ಓದಿಸಿ ಎಂದರೆ ನಮ್ಮವರು ಮುಖ ತಿರುಗಿಸುತ್ತಾರೆ. ನಾವು ಮಣ್ಣಿನಲ್ಲಿ ಬಿದ್ದದ್ದು ಸಾಲದೆ ಎನ್ನುತ್ತಾರೆ. ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಕೇರಳ ಕೃಷಿ ವಿಶ್ವವಿದ್ಯಾನಿಲಯದ ಕಾಲೇಜು 1994ರಿಂದ ಇದೆ. ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಪದವಿ ಪಡೆದವರು ಕೃಷಿಭವನದಲ್ಲಿ ಅಧಿಕಾರಿಯಾಗಬಹುದು. ಬ್ಯಾಂಕು, ಸಂಶೋಧನೆ, ಬೀಜ ಮತ್ತು ಗೊಬ್ಬರದ ಸಂಸ್ಥೆಗಳಲ್ಲೂ ಕೆಲಸವುಂಟು. ಪಶುವೈದ್ಯಕ್ಕೆ ವಯನಾಡಿನ ಪೂಕೋಡ್, ಮೀನುಗಾರಿಕೆಗೆ 1969ರಲ್ಲಿ ಆರಂಭವಾದ ಮಂಗಳೂರಿನ ಕಾಲೇಜು, ಇವೂ ದೂರದವಲ್ಲ.

ಇಲ್ಲಿ ಹಲವರು ಎಡವುವ ಒಂದು ಸ್ಥಳವಿದೆ. ಕೇರಳದಲ್ಲಿ ಬಿ.ಎಸ್ಸಿ. ಕೃಷಿ, ಪಶುವೈದ್ಯ, ಮೀನುಗಾರಿಕೆ, ಅರಣ್ಯಶಾಸ್ತ್ರ ಇವುಗಳಿಗೆ ಸೀಟು ಸಿಗುವುದು ನೀಟ್ ಪರೀಕ್ಷೆಯ ಅಂಕದ ಮೇಲೆ. ಆದರೆ ನೀಟ್ ಬರೆದರೆ ಸಾಲದು. ರಾಜ್ಯದ ಪ್ರವೇಶ ಪರೀಕ್ಷಾ ಆಯುಕ್ತರಿಗೆ ಕೀಮ್ ಅರ್ಜಿಯನ್ನೂ ಬೇರೆಯಾಗಿ ಹಾಕಿರಬೇಕು. ಆ ಅರ್ಜಿಯ ಕೊನೆಯ ದಿನ ಪ್ಲಸ್ ಟು ಫಲಿತಾಂಶಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಆದುದರಿಂದ ಈಗ ಪ್ಲಸ್ ಒನ್‌ನಲ್ಲಿ ಇರುವವರು ಈ ಮಾತನ್ನು ಬರೆದಿಟ್ಟುಕೊಳ್ಳಿ.

ಆರೋಗ್ಯದ ಓದು

ನರ್ಸಿಂಗ್ ಒಳ್ಳೆಯ ಓದು. ರೋಗಿಯ ಸೇವೆ ಕ್ರೈಸ್ತ ಸೇವೆಯೇ ಆಗಿದೆ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಜಿ.ಎನ್.ಎಂ. ಮೂರು ವರ್ಷ. ಆದರೆ ಆರೋಗ್ಯವೆಂದರೆ ನರ್ಸಿಂಗ್ ಒಂದೇ ಅಲ್ಲ. ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ತರಬೇತಿ ಕೊಡುವ ವಿದ್ಯೆ, ವಿಶೇಷ ಮಕ್ಕಳಿಗೆ ಪಾಠ ಹೇಳುವ ವಿಶೇಷ ಬಿ.ಎಡ್. ಇವೆಲ್ಲ ಇವೆ. ಇವುಗಳಲ್ಲಿ ಹಲವಕ್ಕೆ 2021ರ ಕೇಂದ್ರ ಕಾಯಿದೆಯ ಪ್ರಕಾರ ರಾಷ್ಟ್ರೀಯ ಆಯೋಗವೂ ಆಗಿದೆ.

ಈ ವಿದ್ಯೆಗಳ ಅಗತ್ಯ ಎಷ್ಟೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ವಿಮಾನದಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯಿಂದ ಪೆರಿಯದವರೆಗೆ ಎಷ್ಟೋ ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳಲಾರದ ಮಕ್ಕಳನ್ನು ತಾಯಂದಿರು ಇಂದಿಗೂ ಎತ್ತಿ ಕೂರಿಸುತ್ತಿದ್ದಾರೆ. ಸುಪ್ರೀಂ ಕೋರ್ಟು ಆ ವಿಷವನ್ನು 2011ರಲ್ಲಿ ದೇಶದಲ್ಲೆಲ್ಲ ನಿಷೇಧಿಸಿತು. ಅದಕ್ಕೂ ಹದಿಮೂರು ವರ್ಷ ಮೊದಲು, 1998ರಲ್ಲಿ, ಸಿಂಪಡಣೆ ನಿಲ್ಲಿಸಬೇಕೆಂದು ಹೊಸದುರ್ಗದ ನ್ಯಾಯಾಲಯಕ್ಕೆ ಹೋದವರು ಪೆರಿಯದ ಲೀಲಾಕುಮಾರಿ ಅಮ್ಮ. ಅವರು ಕೃಷಿ ಇಲಾಖೆಯ ನೌಕರರು. ಬೆಳೆಯ ಔಷಧಿಯ ಬಗ್ಗೆ ತಿಳಿದವರೊಬ್ಬರು ಊರಲ್ಲಿ ಇದ್ದದ್ದರಿಂದ ಊರಿಗೆ ಎಷ್ಟು ಉಪಕಾರವಾಯಿತು ನೋಡಿ. ಕೃಷಿಯ ಓದು ಮತ್ತು ಆರೋಗ್ಯದ ಓದು ಬೇರೆ ಬೇರೆಯಲ್ಲ ಎಂದು ನಾವು ಹೇಳುವುದು ಇದಕ್ಕೇ.

ಕನ್ನಡ ಬಲ್ಲವರಿಗೆ

ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಪ್ಪಾಯಿತೆಂದು ಕೆಲವು ಮಕ್ಕಳು ಬೇಸರಪಡುತ್ತಾರೆ. ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನ ಕಷ್ಟ ಇದ್ದೇ ಇದೆ, ರಜೆಯಲ್ಲೇ ಅಭ್ಯಾಸ ಆರಂಭಿಸಿದರೆ ಅದು ಕಡಿಮೆಯಾಗುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಕೇರಳ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕ ಹುದ್ದೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳೂ ಇವೆ. ಭೌತಶಾಸ್ತ್ರವನ್ನೋ ಗಣಿತವನ್ನೋ ಓದಿ ಬಿ.ಎಡ್. ಮಾಡಿ, ಕನ್ನಡದಲ್ಲಿ ಪಾಠ ಹೇಳಬಲ್ಲವರು ಬೇಕು. 1957ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡವನ್ನೇ ಮುಖ್ಯ ವಿಷಯವಾಗಿ ಓದಬಹುದು. ಮಲಯಾಳವನ್ನೂ ಕಲಿಯಿರಿ. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ, ನಿಮಗೆ ಲಾಭವಿದೆ.

ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಇದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ವಾಸದ ಬಗ್ಗೆ, ಮಾತೃಭಾಷೆಯ ಬಗ್ಗೆ ನಿಬಂಧನೆಗಳಿವೆ. ಮನೆಯಲ್ಲಿ ಕೊಂಕಣಿ ಆಡುವವರು ಅರ್ಜಿಯ ಸೂಚನಾಪತ್ರದಲ್ಲಿ ಆ ಭಾಗವನ್ನು ಎರಡು ಸಲ ಓದಿಯೇ ಅರ್ಜಿ ತುಂಬಬೇಕು.

ಹಣದ ಲೆಕ್ಕ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಲೂಕನ ಶುಭಸಂದೇಶದಲ್ಲಿ ಕೇಳಿದ್ದೇವೆ. ವಿದ್ಯಾಭ್ಯಾಸದ ಸಾಲಕ್ಕೆ ಓದುವ ಅವಧಿಯಲ್ಲೂ ಸಾಮಾನ್ಯವಾಗಿ ಅದರ ನಂತರ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. 4 ಲಕ್ಷ ರೂಪಾಯಿಯನ್ನು ಮೊದಲೇ ತೆಗೆದುಕೊಂಡು ನೂರಕ್ಕೆ 10ರಂತೆ ಸರಳ ಬಡ್ಡಿ ಹಾಕಿದರೂ ಐದು ವರ್ಷಕ್ಕೆ 2 ಲಕ್ಷವಾಗುತ್ತದೆ. ಮೊದಲ ಸಂಬಳ ಬರುವ ಮೊದಲೇ 6 ಲಕ್ಷದ ಸಾಲ. ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಹೋದರೆ ಹೊರೆ ಕಡಿಮೆ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ವೃತ್ತಿಪರ ಓದಿಗೆ ಕೇಂದ್ರ ಸರಕಾರದ ಬಡ್ಡಿ ಸಹಾಯ ಯೋಜನೆ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

ಕಾಲೇಜಿಗೆ ಹಣ ಕಟ್ಟುವ ಮೊದಲು ಈ ಐದನ್ನು ವಿಚಾರಿಸಿ:

1. ಕಾಲೇಜಿಗೆ ಯಾವ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆ? ನರ್ಸಿಂಗ್ ಆದರೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಒಪ್ಪಿಗೆ ಇದೆಯೇ? ಏಜೆಂಟರ ಮಾತಿನ ಮೇಲೆ ನಂಬಬೇಡಿ, ವಿಶ್ವವಿದ್ಯಾನಿಲಯದ ಪಟ್ಟಿಯಲ್ಲೇ ನೋಡಿ.

2. ಮೊದಲ ವರ್ಷದ ಶುಲ್ಕ ಎಷ್ಟೆಂದು ಮಾತ್ರವಲ್ಲ, ಕೊನೆಯ ವರ್ಷದವರೆಗೆ ಹಾಸ್ಟೆಲ್, ಪರೀಕ್ಷೆ ಎಲ್ಲ ಸೇರಿ ಎಷ್ಟು? ಬರೆದುಕೊಡಲು ಹೇಳಿ.

3. ನರ್ಸಿಂಗ್ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಅಲ್ಲಿ ರೋಗಿಗಳಿದ್ದಾರೆಯೇ? ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕಲಿಯುವುದಕ್ಕೆ ಏನಿದೆ?

4. ನಡುವೆ ಬಿಟ್ಟರೆ ಎಷ್ಟು ಹಣ ಹಿಂದೆ ಬರುತ್ತದೆ? ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲಿ ಸೂಚಿಸಿದೆ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತನ್ನಿ.

5. ಅದೇ ಕಾಲೇಜಿನಲ್ಲಿ ಓದಿ ಹೊರಬಂದ ಇಬ್ಬರನ್ನಾದರೂ ಕಂಡು ಮಾತಾಡಿ.

ನಿರ್ಧಾರ ಯಾರದು?

ತಂದೆತಾಯಿ ದಾರಿ ತೋರಿಸಬೇಕು, ಮನೆಯ ಹಣದ ಸ್ಥಿತಿಯನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು. ಆದರೆ ನಡೆಯಬೇಕಾದವರು ಮಕ್ಕಳು. ದೇವಕರೆ ಎಂದರೆ ಗುರುಮಠಕ್ಕೋ ಕನ್ಯಾಮಠಕ್ಕೋ ಸೇರುವುದು ಮಾತ್ರವಲ್ಲ. ಒಳ್ಳೆಯ ಪಶುವೈದ್ಯ, ಒಳ್ಳೆಯ ಅಧ್ಯಾಪಕಿ, ಒಳ್ಳೆಯ ಕೃಷಿಕ ಇವೂ ದೇವಕರೆಗಳೇ. ಹೆಣ್ಣುಮಕ್ಕಳ ಓದಿಗೆ ಕಡಿಮೆ, ಗಂಡುಮಕ್ಕಳ ಓದಿಗೆ ಹೆಚ್ಚು ಎಂಬ ಲೆಕ್ಕ ಬೇಡ. ಮನಸ್ಸಿಲ್ಲದ ಓದಿಗೆ ಹೋಗಿ ಎರಡನೆಯ ವರ್ಷ ಮೌನವಾಗಿ ಮನೆಗೆ ಬಂದ ಮಗುವನ್ನು ಬೈಯಬೇಡಿ. ಊಟ ನಿದ್ರೆ ಬಿಟ್ಟು ಕೋಣೆಯಲ್ಲೇ ಕುಳಿತಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯದೆ ವೈದ್ಯರಿಗೆ ತೋರಿಸಿ. ಒಂದು ವರ್ಷ ಹೋದರೆ ಮತ್ತೆ ಓದಬಹುದು. ಮಗು ಹೋದರೆ ಮತ್ತೆ ಬರುವುದಿಲ್ಲ.

ಅರ್ಜಿ ತುಂಬಲು ಗೊತ್ತಾಗದವರು, ಸೂಚನಾಪತ್ರ ಓದಿ ಅರ್ಥವಾಗದವರು ಭಾನುವಾರದ ಬಲಿಪೂಜೆಯ ನಂತರ ಧರ್ಮಕೇಂದ್ರದ ಕಚೇರಿಗೆ ಬನ್ನಿ. ಜೊತೆಯಲ್ಲಿ ಕುಳಿತು ಓದೋಣ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ.